ಕ್ಯಾನಾಲಿನ ಮೇಲೆ ಹದಿನಾಲ್ಕು ದಿನ, ಎರಡು ಬೆಕ್ಕು, ಒಂದು ಕೌದಿ

ಅಕ್ಕಲಕೋಟ: ನಮ್ಮ ಕಡೆ ಕ್ಯಾನಾಲು ಎಂದರೆ ರೊಟೇಶನ್. ಉಜನಿ ನೀರು ಯಾವಾಗ ಬಿಡುತ್ತಾರೆ, ಕೊನೆಯ ಹೊಲಕ್ಕೆ ಮುಟ್ಟುತ್ತದೋ ಇಲ್ಲವೋ, ರಾತ್ರಿ ಯಾರ ಪಾಳಿ, ಇಷ್ಟೇ ಮಾತು. ಅಂಥ ಕ್ಯಾನಾಲಿನಲ್ಲಿ ದೋಣಿ ಹೋಗುತ್ತದೆ, ದೋಣಿಯೊಳಗೆ ಅಡಿಗೆಮನೆ, ಹಾಸಿಗೆ, ಪಾಯಖಾನೆ ಎಲ್ಲ ಇರುತ್ತದೆ, ಎರಡು ಬೆಕ್ಕು ಕಿಟಕಿಯಲ್ಲಿ ಕುಳಿತು ಬಾತುಕೋಳಿ ನೋಡುತ್ತಿರುತ್ತವೆ ಎಂದರೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ನಂಬಿಸಿದವರು ಇಲ್ಲಿಯ ಒಬ್ಬ ಕಾಕು. ವಯಸ್ಸು ಅರವತ್ತು ದಾಟಿ ಏಳು. ‘ಹೆಸರು ಪೇಪರನ್ಯಾಗ ಹಾಕಬ್ಯಾಡ ತಮ್ಮಾ, ಬೆಕ್ಕಿನ ಸಲವಾಗಿ ಅತ್ತಾಳ ಅಂತ ಮಂದಿ ನಗತಾರ’ ಎಂದು ಮೊದಲೇ ಕರಾರು ಮಾಡಿಕೊಂಡರು. ಹಾಗಾಗಿ ಇಲ್ಲಿ ಅವರು ಬರೀ ಕಾಕು. ಮಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಸ್ಪತ್ರೆಯ ನೌಕರಿಯಲ್ಲಿದ್ದಾರೆ. ಅಳಿಯ ಸೋಲಾಪುರದವರು, ಮನೆಮಾತು ಮರಾಠಿ. ಮೊಮ್ಮಗನಿಗೆ ಆಗ ಹನ್ನೊಂದು ವರ್ಷ. 2024ರ ಜುಲೈ ಕೊನೆಯಲ್ಲಿ ಅಲ್ಲಿಯ ಶಾಲೆಗಳಿಗೆ ಬೇಸಿಗೆ ಸೂಟಿ ಬಿದ್ದಾಗ ಇವರೆಲ್ಲ ಸೇರಿ ಒಂದು ದೋಣಿ ಬಾಡಿಗೆಗೆ ಹಿಡಿದು ಎರಡು ವಾರ ಕಾಲುವೆ ಮತ್ತು ನದಿಯ ಮೇಲೆ ಸುತ್ತಿ ಬಂದರು. ಜತೆಗೆ ಎರಡು ಬೆಕ್ಕು.

ಬೆಕ್ಕುಗಳ ಹೆಸರು ಹಾಕಲು ಕಾಕು ತಕರಾರು ಮಾಡಲಿಲ್ಲ. ಹೆಣ್ಣು ಮನಿ, ಗಂಡು ಬೋಕ್ಯಾ. ಅಳಿಯ ಇಟ್ಟ ಹೆಸರು. ಮರಾಠಿ ಮನೆಗಳಲ್ಲಿ ಹೆಣ್ಣುಬೆಕ್ಕಿಗೆ ಮನಿ ಎನ್ನುವುದು, ಗಂಡಿಗೆ ಬೋಕಾ ಎನ್ನುವುದು ರೂಢಿ. ಆದರೆ ಕಾಕುವಿನ ಬಾಯಲ್ಲಿ ಮನಿ ಅಂದರೆ ವಾಸದ ಮನೆ. ‘ಮನಿ ಎಲ್ಲಿ ಹೋತು?’ ಎಂದು ಅಳಿಯ ಕೇಳಿದಾಗಲೆಲ್ಲ ‘ಎಲ್ಲಿ ಹೋಗತದ, ಇದ್ದಲ್ಲೇ ಅದ’ ಎಂದು ಕಾಕು ಉತ್ತರ ಕೊಡುವುದು, ಎಲ್ಲರೂ ನಗುವುದು. ಆ ನಗು ಹನ್ನೆರಡನೆಯ ದಿನ ನಿಂತಿತು. ಅದನ್ನು ಮುಂದೆ ಹೇಳುತ್ತೇನೆ.

ಏಳಡಿ ಅಗಲದ ಸಂಸಾರ

ಈ ದೋಣಿಗೆ ಅಲ್ಲಿ ನ್ಯಾರೋಬೋಟ್ ಎನ್ನುತ್ತಾರೆ. ಹೆಸರಿನಂತೆಯೇ ಸಪೂರ. ಅಗಲ 6 ಅಡಿ 10 ಇಂಚು, ಉದ್ದ ಮಾತ್ರ 70 ಅಡಿವರೆಗೂ ಹೋಗುತ್ತದೆ. ಇವರದ್ದು 60 ಅಡಿಯದು. ನಮ್ಮ ಎಸ್.ಟಿ. ಬಸ್ಸಿಗಿಂತ ಸಪೂರ, ಆದರೆ ಅದಕ್ಕಿಂತ ಬಹಳ ಉದ್ದ ಎಂದು ಕಲ್ಪಿಸಿಕೊಳ್ಳಿ. ಒಳಗೆ ಮುಂದಿನಿಂದ ಹಿಂದಿನವರೆಗೆ ಒಂದೇ ಸಾಲು: ಕೂಡುವ ಜಾಗ, ಗ್ಯಾಸ್ ಒಲೆ, ಬಚ್ಚಲು, ಮಲಗುವ ಕೋಣೆ. ಎದುರಿಗೆ ಯಾರಾದರೂ ಬಂದರೆ ಒಬ್ಬರು ಗೋಡೆಗೆ ಆನಿಸಿ ನಿಲ್ಲಬೇಕು. ಹಿಂದುಗಡೆ ಡೀಸೆಲ್ ಎಂಜಿನ್, ಅದರ ಮೇಲೆ ನಿಂತು ಚುಕ್ಕಾಣಿ ಹಿಡಿಯಬೇಕು. ದೋಣಿ ಬಲಕ್ಕೆ ಹೋಗಬೇಕಾದರೆ ಚುಕ್ಕಾಣಿ ಎಡಕ್ಕೆ ತಳ್ಳಬೇಕು. ಮೊದಲ ಅರ್ಧ ದಿನ ಅಳಿಯ ಎರಡೂ ದಂಡೆಗೆ ಸಮಾನವಾಗಿ ಡಿಕ್ಕಿ ಹೊಡೆದರಂತೆ.

ಇದಕ್ಕೆ ಲೈಸನ್ಸ್ ಬೇಕಿಲ್ಲ. ಬಾಡಿಗೆ ಕೊಡುವವರು ತಾಸುಗಟ್ಟಲೆ ಹೇಳಿಕೊಟ್ಟು ಕೈಗೆ ಕೀಲಿ ಕೊಡುತ್ತಾರೆ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಆರೂವರೆ ಕಿ.ಮೀ. ಕಟ್ಟಿ ನಿಂತ ದೋಣಿಗಳ ಪಕ್ಕದಲ್ಲಿ ಇನ್ನೂ ನಿಧಾನ ಹೋಗಬೇಕು, ಇಲ್ಲವಾದರೆ ಅವರ ಚಹಾ ಚೆಲ್ಲುತ್ತದೆ. ದಂಡೆಯ ಮೇಲೆ ನಾಯಿ ಹಿಡಿದುಕೊಂಡು ಅಡ್ಡಾಡುವ ಮುದುಕರು ಇವರನ್ನು ಹಿಂದೆ ಹಾಕಿ ಹೋಗುತ್ತಿದ್ದರು. ‘ನಮ್ಮ ಎತ್ತಿನ ಬಂಡಿನೇ ಬೇಶಿ’ ಎಂದು ಕಾಕು ತೀರ್ಪು ಕೊಟ್ಟಿದ್ದರು.

ಬಾಡಿಗೆ ಅಗ್ಗವೇನಲ್ಲ. ಬೇಸಿಗೆ ಸೂಟಿಯಲ್ಲಿ ಇಂಥ ದೋಣಿಗೆ ವಾರಕ್ಕೆ ಸಾವಿರ ಪೌಂಡ್ ಮೀರುತ್ತದೆ. ಬಿ.ಕಾಂ. ಓದಿದ ನನಗೆ ತಕ್ಷಣ ರೂಪಾಯಿ ಲೆಕ್ಕ ಹೊಳೆಯಿತು, ಲಕ್ಷದ ಮೇಲೆ. ಕಾಕುವಿಗೆ ಹೇಳಲಿಲ್ಲ. ಅವರಿಗೆ ಮಗಳು ಇನ್ನೂ ರೇಟು ಹೇಳಿಲ್ಲ.

ಬೆಕ್ಕು ಯಾಕೆ ಒಯ್ದರು?

ಇದೇ ಪ್ರಶ್ನೆಯನ್ನು ಕಾಕು ಮೊದಲ ದಿನವೇ ಕೇಳಿದ್ದರು. ಅಲ್ಲಿ ಬೆಕ್ಕುಗಳನ್ನು ದುಡ್ಡು ಕೊಟ್ಟು ಬಿಟ್ಟು ಹೋಗುವ ವಸತಿಗಳಿವೆ. ಆದರೆ ಮನಿಗೆ ಹನ್ನೆರಡು ವರ್ಷ, ಮೊಮ್ಮಗನಿಗಿಂತ ದೊಡ್ಡದು. ಥೈರಾಯ್ಡ್ ತೊಂದರೆ ಇದ್ದುದರಿಂದ ದಿನಕ್ಕೆ ಎರಡು ಸಲ ಗುಳಿಗೆ ಹೊಟ್ಟೆಗೆ ಹೋಗಲೇಬೇಕು. ಅದು ಬೇರೆ ಯಾರ ಕೈಯಿಂದಲೂ ಗುಳಿಗೆ ನುಂಗುವುದಿಲ್ಲ. ಮೊಮ್ಮಗ, ಮನಿ ಬಾರದಿದ್ದರೆ ನಾನೂ ಬರುವುದಿಲ್ಲ ಎಂದು ಕುಳಿತ. ಒಂದು ಬೆಕ್ಕು ಬಂದರೆ ಇನ್ನೊಂದನ್ನು ಬಿಡಲಾದೀತೆ? ಹೀಗೆ ಎರಡೂ ಬಂದವು.

‘ಅಲ್ಲೋ ತಮ್ಮಾ, ಮನಶ್ಯಾ ಮಂದಿ ಬೆನ್ನ ಹತ್ತತಾನ, ಬೆಕ್ಕು ಮನಿ ಬಿಟ್ಟು ಹೋಗೂದಿಲ್ಲ ಅಂತಾರ. ಮನೀನೇ ನಡೀಲಿಕ್ಕ ಹತ್ತಿದರ ಅದು ಏನ್ ಮಾಡಬೇಕು?’ ಎಂದು ಕಾಕು ಕೇಳುತ್ತಾರೆ. ಮಾತು ಸರಿಯೇ. ನಾಯಿ ಯಜಮಾನನ ಹಿಂದೆ ಎಲ್ಲಿಗಾದರೂ ಹೋಗುತ್ತದೆ. ಬೆಕ್ಕಿಗೆ ಜಾಗ ಮುಖ್ಯ. ತನ್ನ ವಾಸನೆ ಹತ್ತಿದ ಮೂಲೆ, ತನ್ನ ಹೊಸ್ತಿಲು, ತನ್ನ ಗೋಡೆ. ದಿನಾ ಸಂಜೆ ಬಾಗಿಲು ತೆಗೆದರೆ ಹೊರಗೆ ಬೇರೆಯೇ ಊರು ಇದ್ದರೆ ಅದರ ಲೆಕ್ಕ ತಪ್ಪುತ್ತದೆ.

ಹಾಗಾಗಿ ಮುಂಜಾಗ್ರತೆ ಮಾಡಿದ್ದರು. ಮರಳಿನ ಟ್ರೇ ಬಚ್ಚಲಲ್ಲಿ. ಹೊರಗೆ ತರುವಾಗ ಎದೆಪಟ್ಟಿ, ಉದ್ದನೆಯ ಹಗ್ಗ. ದೋಣಿ ಚಲಿಸುವಾಗ ಎರಡೂ ಒಳಗೆ, ಕಿಟಕಿ ಬಂದ್. ಬೆಕ್ಕಿಗೆ ಈಜು ಬರುತ್ತದೆ, ಆದರೆ ದೋಣಿಯ ಪಕ್ಕ ನುಣುಪಾದ ಕಬ್ಬಿಣ, ಉಗುರು ಊರಲು ಜಾಗವಿಲ್ಲ. ಹೀಗಾಗಿ ದೋಣಿಯಲ್ಲೇ ಬೆಕ್ಕು ಸಾಕುವವರು ಹಳೆಯ ರತ್ನಗಂಬಳಿಯ ತುಂಡನ್ನೋ ದಪ್ಪ ಹಗ್ಗವನ್ನೋ ನೀರಿಗೆ ತಾಗುವಂತೆ ಇಳಿಬಿಟ್ಟಿರುತ್ತಾರೆ. ಬಿದ್ದರೆ ಹಿಡಿದು ಹತ್ತಲಿ ಎಂದು. ಇವರೂ ಹಾಗೇ ಒಂದು ಹಗ್ಗ ಕಟ್ಟಿದ್ದರು.

ಮೊದಲ ಎರಡು ದಿನ ಎಂಜಿನ್ ಸದ್ದಿಗೆ ಎರಡೂ ಮಂಚದ ಕೆಳಗೆ ಸೇರಿದವು. ಮೂರನೆಯ ದಿನ ಬೋಕ್ಯಾ ಹೊರಬಂದು ಕಿಟಕಿ ಹಿಡಿಯಿತು. ಮನಿ ಮಾತ್ರ ಕಾಕುವಿನ ಕೌದಿ ಬಿಟ್ಟು ಕದಲಲಿಲ್ಲ. ಹಳೆಯ ಇಳಕಲ್ ಸೀರೆಗಳನ್ನು ಹಾಕಿ ಕಾಕು ತಾವೇ ಹೊಲಿದ ಕೌದಿ ಅದು. ಇಂಗ್ಲೆಂಡಿನ ಹಾಸಿಗೆ ಒಗ್ಗುವುದಿಲ್ಲ ಎಂದು ಅಕ್ಕಲಕೋಟದಿಂದ ಕಟ್ಟಿಕೊಂಡು ಹೋಗಿದ್ದರು. ಜತೆಗೆ ಎರಡು ಡಬ್ಬಿ ಕಡಕ್ ರೊಟ್ಟಿ, ಸೋಲಾಪುರದ ಶೇಂಗಾ ಚಟ್ನಿ. ಮನಿ ಎಂದರೆ ಮೊದಲು ಕಾಕುವಿಗೆ ಅಷ್ಟಕ್ಕಷ್ಟೇ. ಬಣ್ಣ ಅಪ್ಪಟ ಕಪ್ಪು. ಮುಂಜಾನೆ ಎದ್ದ ಕೂಡಲೇ ಕರಿಬೆಕ್ಕಿನ ಮುಖ ನೋಡುವುದು ಯಾರಿಗೆ ಇಷ್ಟ? ಆದರೆ ಅಲ್ಲಿ ಕರಿಬೆಕ್ಕು ಅಡ್ಡ ಬಂದರೆ ಶುಭ ಎನ್ನುತ್ತಾರೆ. ದಾರಿಯಲ್ಲಿ ಒಬ್ಬರು ‘ಅದೃಷ್ಟವಂತರು’ ಎಂದು ಕೈಬೀಸಿದ್ದನ್ನು ಮಗಳು ತಿಳಿಸಿ ಹೇಳಿದ ಮೇಲೆ ಕಾಕು ಸ್ವಲ್ಪ ಮೆತ್ತಗಾದರಂತೆ.

ಕಾಲುವೆಗಾಗಿ ಹುಟ್ಟಿದ ಊರು

ಹೊರಟದ್ದು ಸ್ಟೌರ್‌ಪೋರ್ಟ್ ಎಂಬ ಊರಿನಿಂದ. ಕಾಲುವೆ ಸೆವರ್ನ್ ನದಿಗೆ ಕೂಡುವ ಜಾಗದಲ್ಲಿ, ಕಾಲುವೆಯಿಂದಲೇ ಹುಟ್ಟಿ ಬೆಳೆದ ಊರು ಅದು. ಅಲ್ಲಿಂದ ನದಿಗೆ ಇಳಿದು ವೂಸ್ಟರ್, ಅಲ್ಲಿ ಮತ್ತೆ ಕಾಲುವೆ ಹತ್ತಿ ಬರ್ಮಿಂಗ್‌ಹ್ಯಾಮ್, ಮುಂದೆ ವುಲ್ವರ್‌ಹ್ಯಾಂಪ್ಟನ್, ಕಿನ್ವರ್ ದಾಟಿ ತಿರುಗಿ ಸ್ಟೌರ್‌ಪೋರ್ಟ್. ಒಂದು ಪೂರ್ತಿ ಸುತ್ತು, ಸುಮಾರು 130 ಕಿ.ಮೀ. ಸೋಲಾಪುರದಿಂದ ವಿಜಯಪುರ ಮುಟ್ಟಿ ಇನ್ನಷ್ಟು ಮುಂದೆ ಹೋದ ಹಾಗೆ. ಅದಕ್ಕೆ ಹದಿನಾಲ್ಕು ದಿನ.

ಈ ಕಾಲುವೆಗಳ ಕಥೆ ಇಷ್ಟು. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ತೆರೆದಾಗ ವರ್ಸ್ಲಿ ಗಣಿಯ ಕಲ್ಲಿದ್ದಲು ದೋಣಿಯಲ್ಲಿ ಮ್ಯಾಂಚೆಸ್ಟರಿಗೆ ಬರತೊಡಗಿತು, ಬೆಲೆ ಅರ್ಧಕ್ಕೆ ಇಳಿಯಿತು. ಅದರಲ್ಲಿ ಕೆಲಸ ಮಾಡಿದ ಜೇಮ್ಸ್ ಬ್ರಿಂಡ್ಲಿ ಮೂಲತಃ ಗಿರಣಿ ಯಂತ್ರಗಳ ರಿಪೇರಿಯವನು. ಇವರು ಹೋದ ಸ್ಟ್ಯಾಫರ್ಡ್‌ಶೈರ್–ವೂಸ್ಟರ್‌ಶೈರ್ ಕಾಲುವೆಯೂ ಅವನದೇ. ಅದು ಪೂರ್ತಿಯಾದ 1772ರಲ್ಲೇ ಅವನು ತೀರಿಕೊಂಡ. ಒಂದು ಕುದುರೆ ದಂಡೆಯ ಮೇಲೆ ನಡೆಯುತ್ತ ಹಗ್ಗದಿಂದ 25 ಟನ್ ಹೇರಿದ ದೋಣಿ ಎಳೆಯುತ್ತಿತ್ತು. ಇವತ್ತು ನಾಯಿ ಹಿಡಿದು ಅಡ್ಡಾಡುವ ಆ ಕಾಲುದಾರಿ ಮೊದಲು ಕುದುರೆಯದು.

ಆಮೇಲೆ ರೈಲು ಬಂತು. ಬಾಡಿಗೆ ಇಳಿಯಿತು, ದೋಣಿ ಹೊಡೆಯುವವರು ಊರಲ್ಲಿಯ ಮನೆ ಬಿಟ್ಟು ಹೆಂಡತಿ ಮಕ್ಕಳ ಸಮೇತ ದೋಣಿಯ ಹಿಂಬದಿಯ ಗೂಡಿನಲ್ಲೇ ಸಂಸಾರ ಹೂಡಿದರು. ಹತ್ತಡಿ ಉದ್ದವೂ ಸರಿಯಾಗಿ ಇಲ್ಲದ ಗೂಡು, ಮಡಚುವ ಮಂಚ, ಒಂದು ಒಲೆ. ಮಕ್ಕಳಿಗೆ ಶಾಲೆ ಇಲ್ಲ. ಜಾರ್ಜ್ ಸ್ಮಿತ್ ಎಂಬವರು ಈ ಬಗ್ಗೆ ಬರೆದು ಗದ್ದಲ ಎಬ್ಬಿಸಿದ ಮೇಲೆ 1877 ಮತ್ತು 1884ರಲ್ಲಿ ಕಾಯ್ದೆಗಳಾದವು. ಓದುವಾಗ ನನಗೆ ಜತ್ತದಿಂದ ಕಬ್ಬು ಕಡಿಯಲು ಹೋಗುವ ಟೋಳಿಗಳು ಕಣ್ಣಮುಂದೆ ಬಂದವು. ಕೊಪ್ಪಿ, ಬಂಡಿ, ಬಂಡಿಯ ಮೇಲೆ ಪೋರಗಳು. ಅಲ್ಲಿ ಆ ಗೂಡು ಈಗ ಸೂಟಿಯ ಮೋಜಾಗಿದೆ. ಇಲ್ಲಿ ಕೊಪ್ಪಿ ಇನ್ನೂ ಕೊಪ್ಪಿಯೇ.

ನೀರಿನ ಮೆಟ್ಟಿಲು, ಹತ್ತು ಟ್ಯಾಂಕರ್

ಕಾಲುವೆ ಗುಡ್ಡ ಹತ್ತುವುದು ಹೇಗೆ? ಲಾಕ್ ಎಂಬ ನೀರಿನ ಮೆಟ್ಟಿಲಿನಿಂದ. ಎರಡೂ ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ. ದೋಣಿ ಒಳಗೆ ಹೋದ ಮೇಲೆ ಕೆಳಗಿನ ಬಾಗಿಲು ಮುಚ್ಚಿ, ಮೇಲಿನ ಕಿಂಡಿ ಎತ್ತಿದರೆ ನೀರು ತುಂಬಿ ದೋಣಿ ತಾನಾಗಿ ಏಳುತ್ತದೆ. ಕರೆಂಟ್ ಇಲ್ಲ, ಮೋಟಾರ್ ಇಲ್ಲ. ಕಬ್ಬಿಣದ ಹಿಡಿ ಹಾಕಿ ಕಿಂಡಿ ತಿರುವಬೇಕು, ಬಾಗಿಲಿನ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ತಳ್ಳಬೇಕು. ಇಳಿಯುವಾಗ ಮಾತ್ರ ಹುಷಾರು. ಮೇಲಿನ ಬಾಗಿಲ ಬುಡದಲ್ಲಿ ಕಲ್ಲಿನ ಚಾಚು ಇರುತ್ತದೆ. ದೋಣಿಯ ಹಿಂಭಾಗ ಅದರ ಮೇಲೆ ಸಿಕ್ಕಿಕೊಂಡರೆ ನೀರು ಇಳಿದಂತೆ ಮುಂಭಾಗ ಮುಗ್ಗರಿಸಿ ಮುಳುಗುತ್ತದೆ. ಪ್ರತಿ ಲಾಕಿನಲ್ಲೂ ಆ ಗಡಿಗೆ ಬಿಳಿ ಗೆರೆ ಎಳೆದಿರುತ್ತಾರೆ.

ಒಂದು ಸಲ ಇಂಥ ಸಪೂರ ಲಾಕ್ ತುಂಬಲು ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು. ಬೇಸಿಗೆಯಲ್ಲಿ ನಮ್ಮ ಊರುಗಳಿಗೆ ಬರುವ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹತ್ತು ಟ್ಯಾಂಕರ್. ಅದನ್ನು ಕೇಳಿ ಕಾಕು ಮೊದಲ ಲಾಕಿನಲ್ಲೇ ಅಳಿಯನಿಗೆ ತಿರುಗಿ ಕೇಳಿದರಂತೆ: ‘ಒಂದ್ ದೋಣಿ ಎತ್ತಲಿಕ್ಕ ಇಷ್ಟ್ ನೀರೇನೋ?’ ನೀರು ಪೋಲಾಗುವುದಿಲ್ಲ, ಒಂದು ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಹೋಗುತ್ತದೆ. ಆದರೆ ತುದಿಯಿಂದ ಇಳಿದದ್ದು ಇಳಿದದ್ದೇ, ಅದನ್ನು ಜಲಾಶಯದಿಂದ ತುಂಬಿಸಬೇಕು. ಜಲಾಶಯ ಬತ್ತಿದರೆ ದೋಣಿಯೂ ಬಂದ್. 2025ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟು ಲೀಡ್ಸ್–ಲಿವರ್‌ಪೂಲ್ ಕಾಲುವೆಯಂಥ ಹಲವು ಕಡೆ ಓಡಾಟ ನಿಲ್ಲಿಸಬೇಕಾಯಿತು. ಇಂಗ್ಲೆಂಡಿಗೂ ಬರ ಬರುತ್ತದೆ ಎಂದಾಗ ಕಾಕು ನಂಬಲಿಲ್ಲ.

ಇಡೀ ಸುತ್ತಿನಲ್ಲಿ ನೂರಕ್ಕೂ ಹೆಚ್ಚು ಲಾಕ್. ಅದರಲ್ಲಿ ಟಾರ್ಡಿಬಿಗ್ ಎಂಬಲ್ಲಿ ಒಂದರ ಮೇಲೊಂದು 30. ಬ್ರಿಟನ್ನಿನಲ್ಲಿ ಇದಕ್ಕಿಂತ ಉದ್ದದ ಸಾಲು ಇಲ್ಲ. 67 ಮೀಟರ್ ಎತ್ತರ ಏರಲು ಇವರಿಗೆ ಬೆಳಗಿನಿಂದ ಸಂಜೆಯಾಯಿತು. ಮಗಳ ಅಂಗೈ ಬೊಬ್ಬೆ ಬಂತು. ಕಾಕು ರೊಟ್ಟಿ ಬಡಿದು ದಂಡೆಯ ಮೇಲೆ ನಡೆಯುತ್ತಿದ್ದವರ ಕೈಗೆ ಸುರುಳಿ ಮಾಡಿ ಕೊಟ್ಟರು. ಬೆಕ್ಕುಗಳು ಬಿದ್ದುಕೊಂಡು ನಿದ್ದೆ ಹೊಡೆದವು. ಯುದ್ಧಕಾಲದಲ್ಲಿ ಎಲ್.ಟಿ.ಸಿ. ರೋಲ್ಟ್ ಎಂಬ ಲೇಖಕ ತಮ್ಮ ದೋಣಿ ಕಟ್ಟಿ ವಾಸವಿದ್ದದ್ದು ಇದೇ ಟಾರ್ಡಿಬಿಗ್‌ನಲ್ಲಿ. 1944ರಲ್ಲಿ ಬಂದ ಅವರ ಪುಸ್ತಕ ಓದಿ ರಾಬರ್ಟ್ ಐಕ್‌ಮನ್ ಎಂಬವರು ಹುಡುಕಿಕೊಂಡು ಬಂದರು, ಮರುವರ್ಷ, 1946ರಲ್ಲಿ, ಕಾಲುವೆ ಉಳಿಸುವ ಸಂಘ ಹುಟ್ಟಿತು. ಆ ಭೇಟಿಯ ನೆನಪಿಗೆ ಅಲ್ಲಿ ಫಲಕವಿದೆ. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಲ್ಲಿ ಆದ ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ. ಸರಕು ಹೇರುವ ದೋಣಿ ಬಹುತೇಕ ನಿಂತಿವೆ, ಉಳಿದವು ಸೂಟಿಯವರವು ಮತ್ತು ದೋಣಿಯನ್ನೇ ಮನೆ ಮಾಡಿಕೊಂಡವರವು.

ಬರ್ಮಿಂಗ್‌ಹ್ಯಾಮ್‌ಗೆ ಮುಂಚೆ ಸುಮಾರು ಎರಡೂವರೆ ಕಿ.ಮೀ. ಉದ್ದದ ಸುರಂಗ. ಅರ್ಧ ತಾಸಿಗೂ ಮಿಕ್ಕಿ ಕತ್ತಲೆ, ಮೇಲಿನಿಂದ ತೊಟ್ಟಿಕ್ಕುವ ನೀರು, ಒಳಗೆ ಬೋಕ್ಯಾನ ಕೂಗು. ಅದು ಬಿಟ್ಟರೆ ಆ ಭಾಗದಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ತಮ್ಮದೇ ಊರಿನ ಹಿಂಬಾಗಿಲಿನಿಂದ ದೋಣಿಯಲ್ಲಿ ಹೋದದ್ದು ಮಗಳಿಗೆ ಮಜಾ ಎನಿಸಿತಂತೆ.

ಗುರುವಾರ ಬೆಳಗಿನ ಗುಳಿಗೆ

ಕಿನ್ವರ್ ಒಂದು ಸಣ್ಣ ಊರು. ಪಕ್ಕದ ಗುಡ್ಡದ ಮೆತ್ತನೆಯ ಕಲ್ಲಿನಲ್ಲಿ ಕೊರೆದ ಮನೆಗಳಿವೆ. 1960ರ ದಶಕದವರೆಗೂ ಅದರಲ್ಲಿ ಜನ ಇದ್ದರು. ಬುಧವಾರ ಇವರು ಅದನ್ನು ನೋಡಿ ಬಂದು ದಂಡೆಗೆ ದೋಣಿ ಕಟ್ಟಿ ಮಲಗಿದರು. ಅಂದು ಸೆಕೆ. ಗಾಳಿಗೆಂದು ಪಕ್ಕದ ಸಣ್ಣ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದಿಟ್ಟದ್ದು ಅಳಿಯ.

ಗುರುವಾರ ಬೆಳಿಗ್ಗೆ ಆರಕ್ಕೆ ಮೊಮ್ಮಗ ಬೆಣ್ಣೆಯಲ್ಲಿ ಗುಳಿಗೆ ಸುತ್ತಿಕೊಂಡು ಬಂದ. ಕೌದಿಯ ಮೇಲೆ ಮನಿ ಇಲ್ಲ. ಮಂಚದ ಕೆಳಗಿಲ್ಲ, ಎಂಜಿನ್ ಹತ್ತಿರ ಇಲ್ಲ. ಸಣ್ಣ ಬಾಗಿಲು ನಾಲ್ಕು ಬೆರಳಲ್ಲ, ಒಂದು ಗೇಣು ತೆರೆದಿತ್ತು.

ದೋಣಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ವಾಪಸ್ ಕೊಡಬೇಕು. ಕಿನ್ವರ್‌ನಿಂದ ಸ್ಟೌರ್‌ಪೋರ್ಟ್ ಇವರ ವೇಗಕ್ಕೆ ಪೂರ್ತಿ ಒಂದು ದಿನದ ದಾರಿ. ಬಾಡಿಗೆಯವರಿಗೆ ಫೋನ್ ಮಾಡಿದರೆ, ಶನಿವಾರ ಮಧ್ಯಾಹ್ನ ಇದೇ ದೋಣಿಗೆ ಬೇರೆ ಕುಟುಂಬ ಬರುತ್ತದೆ, ಏನೂ ಮಾಡಲಾಗುವುದಿಲ್ಲ ಎಂದರು. ಅವರ ತಪ್ಪಲ್ಲ. ಅಂದರೆ ಶುಕ್ರವಾರ ಮಧ್ಯಾಹ್ನದೊಳಗೆ ಹೊರಡಲೇಬೇಕು.

ಮೊಮ್ಮಗ ಡಬ್ಬಿ ಬಾರಿಸುತ್ತ ಕಾಲುದಾರಿಯ ಮೇಲೆ ಓಡಿದ. ಮಗಳು ಬ್ಯಾಟರಿ ಹಿಡಿದು ಬೇಲಿ ಹುಡುಕಿದರು. ಹಿಂದೆ ಕಟ್ಟಿದ ದೋಣಿಯಲ್ಲಿ ಒಬ್ಬಳೇ ಇರುವ ಹೆಂಗಸು ಹೊರಬಂದು ವಿಚಾರಿಸಿದರು. ವರ್ಷಗಟ್ಟಲೆ ದೋಣಿಯಲ್ಲೇ ಇರುವವರು, ಬೆಕ್ಕು ಸಾಕಿದವರು. ಅವರು ಹೇಳಿದ ಮೊದಲ ಮಾತು, ದೋಣಿಯನ್ನು ಒಂದು ಅಡಿಯೂ ಕದಲಿಸಬೇಡಿ. ಬೆಕ್ಕು ಜನರನ್ನಲ್ಲ, ಹೊರಟ ಜಾಗವನ್ನು ಹುಡುಕಿಕೊಂಡು ಬರುತ್ತದೆ. ಎಂಜಿನ್ ಹಾಕಬೇಡಿ. ಓಡಾಡಿ ಕೂಗಬೇಡಿ, ಹೆದರಿದ ಬೆಕ್ಕು ಇನ್ನೂ ಒಳಗೆ ಸೇರುತ್ತದೆ. ಹಗಲು ಬರುವುದಿಲ್ಲ. ಕತ್ತಲಾದ ಮೇಲೆ ಅಥವಾ ನಸುಕಿಗೆ ಬರುತ್ತದೆ. ಮನೆಯವರ ವಾಸನೆಯ ಬಟ್ಟೆ ಹೊರಗಿಡಿ.

ಎರಡನೆಯ ಪ್ರಶ್ನೆ, ಚಿಪ್ ಇದೆಯೇ? ಇತ್ತು. ಅದೇ ವರ್ಷ ಜೂನ್ 10ರಿಂದ ಇಂಗ್ಲೆಂಡಿನಲ್ಲಿ 20 ವಾರ ದಾಟಿದ ಸಾಕುಬೆಕ್ಕಿಗೆ ಚಿಪ್ ಕಡ್ಡಾಯವಾಗಿದೆ. ಅಕ್ಕಿಕಾಳಿನಷ್ಟು ಚಿಪ್ ಅನ್ನು ಹೆಗಲ ಚರ್ಮದ ಕೆಳಗೆ ಸೂಜಿಯಿಂದ ಹಾಕುತ್ತಾರೆ. ಆದರೆ ಅದರೊಳಗೆ ಇರುವುದು ಬರೀ ಒಂದು ಸಂಖ್ಯೆ. ಯಜಮಾನನ ವಿಳಾಸ, ಫೋನ್ ಇರುವುದು ಬೇರೆ ದಾಖಲೆಯಲ್ಲಿ. ಮಗಳು ಫೋನ್ ಮಾಡಿ ಕೇಳಿದಾಗ ಎದೆ ಧಸಕ್ಕೆಂದಿತು. ಅಲ್ಲಿದ್ದದ್ದು ಹಳೆಯ ಮನೆಯ ವಿಳಾಸ, ಎಂದೋ ಬಿಟ್ಟ ಮೊಬೈಲ್ ನಂಬರ್. ಯಾರಾದರೂ ಮನಿಯನ್ನು ಹಿಡಿದು ಡಾಕ್ಟರ ಹತ್ತಿರ ಒಯ್ದಿದ್ದರೂ ಫೋನ್ ಯಾರಿಗೂ ಬರುತ್ತಿರಲಿಲ್ಲ. ನಿಂತ ಜಾಗದಲ್ಲೇ ಬದಲಾಯಿಸಿದರು.

ಸಂಜೆ ಅಳಿಯ ಟ್ಯಾಕ್ಸಿ ಮಾಡಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ತಮ್ಮ ಕಾರು ತಂದರು. ಶುಕ್ರವಾರ ಅವರು ಮತ್ತು ಮಗ ದೋಣಿ ಒಯ್ಯುವುದು, ಹೆಂಗಸರಿಬ್ಬರು ಊರಲ್ಲಿ ರೂಮು ಹಿಡಿದು ಹುಡುಕುವುದು ಎಂದು ಠರಾವಾಯಿತು. ಅಳಿಯ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ‘ಅವಂಗ ನಾ ಏನೂ ಅನಲಿಲ್ಲ. ಅಂದರ ಏನ್ ಮನಿ ಬರತಿತ್ತೇನು?’ ಎನ್ನುತ್ತಾರೆ ಕಾಕು. ಎರಡು ಹೊತ್ತಿನ ಗುಳಿಗೆ ತಪ್ಪಿತ್ತು. ಒಳಗೆ ಬೋಕ್ಯಾ ಬಾಗಿಲು ಪರಚುತ್ತಿತ್ತು.

ರಾತ್ರಿ ಹತ್ತಕ್ಕೆ ಕಾಕು ಎದ್ದು ಕೌದಿ ತೆಗೆದುಕೊಂಡು ಹೊರಗೆ ಹೊರಟರು. ಮಗಳು ಬೇಡ ಎಂದರು, ಥಂಡಿ ಎಂದರು. ಕೇಳಲಿಲ್ಲ. ನಡುವೆ ಸಣ್ಣ ಮಳೆ ಬಂತು. ಕೌದಿ ಮಡಚಿ ಸೆರಗಿನೊಳಗೆ ಹಿಡಿದು ಕೊಡೆ ಕೆಳಗೆ ಕುಳಿತರು. ಮಳೆ ನಿಂತ ಮೇಲೆ ದೋಣಿಯ ಬಾಗಿಲೆದುರು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕೌದಿ ಹಾಸಿ, ಒಂದು ತುದಿಯಲ್ಲಿ ತಾವು ಕುಳಿತರು. ಒಂದು ನರಿ ಬಂದು ಮೂಸಿ ಹೋಯಿತು. ‘ನರಿ ನಮ್ಮ ಹೊಲದಾಗೂ ಬರತಾವ, ಅದಕ್ಕೇನ್ ಅಂಜೂದು’ ಎಂದರು ನನಗೆ. ಆದರೆ ಮನಿ ನರಿಗೆ ಸಿಕ್ಕಿದ್ದರೆ ಎಂಬ ಯೋಚನೆ ಬಂದದ್ದು ಆಗಲೇ ಎಂದೂ ಹೇಳಿದರು. ಅತ್ತದ್ದು ಆಗ. ಮಂದಿ ನಗುತ್ತಾರೆ ಎಂದದ್ದು ಅದಕ್ಕೇ. ಬರೆಯಬಹುದೇ ಎಂದು ಕೇಳಿದೆ. ‘ಬರಿ, ಹೆಸರ್ ಇಲ್ಲಲ್ಲ’ ಎಂದರು.

ಮನಿಯನ್ನು ಕೂಗಿದಿರಾ ಎಂದು ಕೇಳಿದೆ. ‘ಇಲ್ಲ. ಆ ಬಾಯಿ ಕೂಗಬ್ಯಾಡ ಅಂದಿದ್ಳಲ್ಲ. ಸುಮ್ನ ಕುಂತೆ. ಜಪ ಮಾಡಿದೆ. ನಸುಕಿನ್ಯಾಗ ತೂಕಡಿಕಿ ಬಂತು. ಕಾಲಿಗಿ ಏನೋ ಥಣ್ಣಗ ಹತ್ತಿತು. ನರಿ ಅಂತ ಝಾಡಿಸಲಿಕ್ಕ ಹೋದೆ. ನೋಡತೀನಿ, ಮನಿ.’

ಗಂಟೆ ನಾಲ್ಕೂವರೆ ಇರಬಹುದು. ಅಲ್ಲಿ ಬೇಸಿಗೆಯಲ್ಲಿ ಆಗಲೇ ಬೆಳಕು ಹರಿಯುತ್ತದೆ. ಹೊಟ್ಟೆಯವರೆಗೆ ಒದ್ದೆ, ಮೈತುಂಬ ಅಂಟುಮುಳ್ಳು, ಕೌದಿಯ ಮೇಲೆ ತನ್ನ ಜಾಗದಲ್ಲಿ ಬಂದು ಮುದುರಿ ಕುಳಿತಿತ್ತು. ಕಾಕು ಸದ್ದು ಮಾಡದೆ ನಾಲ್ಕೂ ಮೂಲೆ ಎತ್ತಿ, ಕೌದಿ ಸಮೇತ ಗಂಟು ಕಟ್ಟಿದ ಹಾಗೆ ಎತ್ತಿಕೊಂಡು ಒಳಗೆ ಒಯ್ದು ಬಾಗಿಲು ಹಾಕಿದರು. ಆಮೇಲೆಯೇ ಮಗಳನ್ನು ಎಬ್ಬಿಸಿದ್ದು. ಎಲ್ಲಿ ಹೋಗಿತ್ತು, ನೀರಿಗೆ ಬಿದ್ದಿತ್ತೋ, ಹುಲ್ಲಿನ ಇಬ್ಬನಿಯೋ, ಯಾರಿಗೂ ಗೊತ್ತಿಲ್ಲ.

ಗುಳಿಗೆ ನುಂಗಿತು. ಹಿಂದಿನ ದೋಣಿಯ ಹೆಂಗಸು ಸುದ್ದಿ ಕೇಳಿ ಚಹಾ ಮಾಡಿ ತಂದರು. ಕಾಕು ಅವರಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಆಕೆಯ ಕಣ್ಣಲ್ಲಿ ನೀರು ಬಂದದ್ದು ಖುಷಿಗೋ ಖಾರಕ್ಕೋ ತಿಳಿಯಲಿಲ್ಲ, ಡಬ್ಬಿ ಮಾತ್ರ ವಾಪಸ್ ಕೊಡಲಿಲ್ಲ. ಶುಕ್ರವಾರ ಎಲ್ಲ ಕಿಟಕಿ ಬಂದ್ ಮಾಡಿ ಹೊರಟು ಕತ್ತಲಾಗುವ ಮುಂಚೆ ಸ್ಟೌರ್‌ಪೋರ್ಟ್ ಮುಟ್ಟಿದರು. ಕಾರನ್ನು ಆಮೇಲೆ ಅಳಿಯ ಹೋಗಿ ತಂದರು.

ಮಗ ಅಥವಾ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗುವ ಹಿರಿಯರು ನಮ್ಮ ಓದುಗರಲ್ಲೂ ಇದ್ದಾರೆ. ಎರಡು ವಾರ ಬೇಡವಾದರೆ ಬೆಳಿಗ್ಗೆ ಹೋಗಿ ಸಂಜೆ ಬರುವ ದಿನದ ಬಾಡಿಗೆಯ ದೋಣಿಗಳೂ ಅಲ್ಲಿ ಸಿಗುತ್ತವೆ. ಮೊಣಕಾಲು ನೋವಿದ್ದವರು ಲಾಕಿನ ಏಣಿ ಹತ್ತುವ ಸಾಹಸ ಮಾಡದೆ ದಂಡೆಯ ಮೇಲೆ ನಡೆಯಬಹುದು, ದೋಣಿ ನಿಮಗಿಂತ ಮುಂದೆ ಹೋಗುವುದಿಲ್ಲ. ನದಿಯ ಮೇಲೆ ಮಾತ್ರ ಈಜು ಜಾಕೀಟು ಬಿಡಬಾರದು. ಬೆಕ್ಕು ಒಯ್ಯುವವರಿದ್ದರೆ ಬಾಡಿಗೆಯವರನ್ನು ಮೊದಲೇ ಕೇಳಬೇಕು, ಎಲ್ಲರೂ ಒಪ್ಪುವುದಿಲ್ಲ. ಚಿಪ್‌ನ ಫೋನ್ ನಂಬರ್ ಹೊರಡುವ ಮುಂಚೆ ನೋಡಿಕೊಳ್ಳುವುದು ಒಳ್ಳೆಯದು.

ನಾನು ಹೋದಾಗ ಕಾಕು ಪಡಸಾಲೆಯಲ್ಲಿ ಹಳೆಯ ಸೀರೆ ಹರವಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದರು. ಮೊದಲಿನ ಕೌದಿ ಅಲ್ಲೇ ಬಿಟ್ಟು ಬಂದಿದ್ದಾರೆ, ಮನಿ ಬಿಡಲಿಲ್ಲ. ಇದು ಯಾರಿಗೆ ಎಂದು ಕೇಳಿದೆ.

‘ಬೋಕ್ಯಾಗ. ಎರಡೂ ಒಂದರಮ್ಯಾಲ ಮಲಗಲಿಕ್ಕ ಹೋಗಿ ಜಗಳಾಡತಾವಂತ. ಪಾರ್ಸಲ್‌ಗಿ ಎಷ್ಟಾಗತದ, ಸೋಲಾಪುರದಾಗ ಜರಾ ಕೇಳಿ ಹೇಳ ತಮ್ಮಾ.’